ಕೆರೆ ಬಿಟ್ಟು ಬರದವನು

ಏಳನೇ ಸಲವೂ ಎರಡೂ ನಾಣ್ಯಗಳು ಅಂಗಾತವೇ ಬಿದ್ದವು. ಒಂದು ಅಂಗಾತ, ಒಂದು ಬೋರಲು ಬಿದ್ದರೆ ಸತ್ತವನು ಮನೆಗೆ ಹೊರಟ ಎಂದು ಲೆಕ್ಕ. ಚಿಯುವಾನ್ ಹೊರಡಲೊಲ್ಲ.

ಮೊನ್ನೆ ಮುಂಜಾನೆ ಫೋಟೊ ತೆಗೆಯಲು ಬಂದವನು ಇದೇ ಕಲ್ಲಿನಿಂದ ಜಾರಿ ಕೆರೆಗೆ ಬಿದ್ದಿದ್ದ. ದೇಹ ಸಿಕ್ಕಿತ್ತು. ಇನ್ನು ಆತ್ಮವನ್ನು ತೈಚುಂಗ್ ನಗರದ ಮನೆಗೆ ಕರೆದೊಯ್ಯಬೇಕು, ಇಲ್ಲವಾದರೆ ಅದು ನೀರಂಚಿನಲ್ಲೇ ಅಲೆಯುತ್ತದೆ. ಹೆಂಡತಿ ಮೆಯ್‌ಚಿನ್ ಕೈಯಲ್ಲಿ ಆತ್ಮಕ್ಕೆ ದಾರಿ ತೋರುವ, ಎಲೆಗಳಿರುವ ಬಿದಿರು ಕೋಲು, ಅದರ ತುದಿಗೆ ಅವನ ಹೆಸರು ಬರೆದ ಬಿಳಿ ಪಟ್ಟಿ. ಹೆತ್ತವರು ಇಂಥದ್ದಕ್ಕೆ ಬರಬಾರದು ಎಂದು ನೆಂಟರು ಬಡಿದುಕೊಂಡರೂ ಅತ್ತೆ ಸೊಪ್ಪು ಹಾಕಿರಲಿಲ್ಲ.

ಚಳಿಗಾಲಕ್ಕೆ ದಡದ ಸೈಪ್ರೆಸ್ ಮರಗಳ ತೋಪು ಕೆಂಪೇರಿತ್ತು. ಭಾನುವಾರ ಬೇರೆ, ಕೆರೆಯ ಸುತ್ತ ಜನವೋ ಜನ.

"ಅಕ್ಕಾ, ಆ ಕೋಲು ಸ್ವಲ್ಪ ಆಚೆ ಹಿಡ್ಕೊಳ್ತೀರಾ? ಫೋಟೋದಲ್ಲಿ ಬರ್ತಿದೆ," ಎಂದಳು ಹಳದಿ ಶಾಲಿನ ಹೆಂಗಸೊಬ್ಬಳು. ಬಿಳಿ ಪಟ್ಟಿ ಕಣ್ಣಿಗೆ ಬಿದ್ದದ್ದೇ ತಡ, ಮಕ್ಕಳನ್ನು ಎಳೆದುಕೊಂಡು ಓಟ ಕಿತ್ತಳು.

ಪುರೋಹಿತ ಲಿಯಾವ್ ಕೈಗಂಟೆ ಕೆಳಗಿಟ್ಟ. "ಏನೋ ಮನಸ್ಸಲ್ಲಿ ಇಟ್ಕೊಂಡಿದಾನೆ. ಹೇಳೋದು ಏನಾದ್ರೂ ಬಾಕಿ ಇದೆಯೇನಮ್ಮಾ?"

"ಏನಿರುತ್ತೆ? ಊಟದ ಹೊತ್ತಿಗೆ ಮೊದಲೇ ಬಂದು ಪಾತ್ರೆ ಮುಚ್ಚಳ ತೆಗೆದು ನೋಡೋ ಹುಡುಗ," ಎಂದರು ಅತ್ತೆ. "ಅವನು ಮನೆಗೆ ಬರಲ್ಲ ಅಂತಾನಾ?"

ಎರಡು ದಿನದಿಂದ ಮೆಯ್‌ಚಿನ್ ಅದುಮಿಟ್ಟದ್ದು ಈಗ ಬಾಯಿಗೆ ಬಂತು.

"ನನ್ನಿಂದಾನೇ, ಅತ್ತೆ. ಪ್ರತಿ ವರ್ಷ ಇಬ್ರೂ ಬರ್ತಿದ್ವಿ. ಈ ಸಲ ನನ್ನ ಬಿಟ್ಟು ಹೊರಟ ಅಂತ ಜಗಳ ಆಡ್ದೆ. ಆ ಮರಗಳ ಹತ್ರಾನೇ ಬಿದ್ದಿರು, ಮನೆಗೆ ಬರಲೇಬೇಡ ಅಂದುಬಿಟ್ಟೆ."

ಅತ್ತೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನನಗಲ್ಲ, ಅವನಿಗೆ ಹೇಳು," ಎಂದರು.

ಮೆಯ್‌ಚಿನ್ ನೀರಿನ ಕಡೆ ತಿರುಗಿದಳು. "ತಪ್ಪಾಯ್ತು ಕಣೋ. ಸಿಟ್ಟಲ್ಲಿ ಅಂದಿದ್ದು. ಬಾ, ಮನೆಗೆ ಹೋಗೋಣ." ನಾಣ್ಯ ಎಸೆದಳು.

ಮತ್ತೆ ಎರಡೂ ಅಂಗಾತ.

ಲಿಯಾವ್ ಆ ಕಡೆ ತಿರುಗಿ ಹೊಸ ಊದುಬತ್ತಿ ಹಚ್ಚುತ್ತಿದ್ದ. ಅತ್ತೆ ಬಗ್ಗಿದರು, ಒಂದು ನಾಣ್ಯವನ್ನು ಬೆರಳಿನಿಂದ ಮೆಲ್ಲಗೆ ಬೋರಲು ಹಾಕಿದರು. "ಇಲ್ನೋಡಿ, ಒಪ್ಕೊಂಡ ನನ್ನ ಮಗ," ಎಂದು ಕೂಗಿದರು. ಸೊಸೆಯ ಮುಖ ಮಾತ್ರ ನೋಡಲಿಲ್ಲ. ಎಲ್ಲ ನೋಡಿದ್ದ ಮೆಯ್‌ಚಿನ್ ಕೋಲು ಹಿಡಿದು ಕಾರಿನತ್ತ ನಡೆದಳು.

ಲಿಯಾವ್ ಕಾರು ಹೊರಡಿಸಿದ. ದಾರಿಯಲ್ಲಿ ಸೇತುವೆ ಬಂದಾಗಲೆಲ್ಲ ಕೂಗಿ ತಿಳಿಸಬೇಕು, ಇಲ್ಲದಿದ್ದರೆ ಜೊತೆಯಲ್ಲಿರುವ ಆತ್ಮ ಅಲ್ಲೇ ಉಳಿದುಬಿಡುತ್ತದೆ. ಮೊದಲ ಸೇತುವೆಯಲ್ಲಿ ಅತ್ತೆ ಕಿಟಕಿ ಇಳಿಸಿದರು. "ಚಿಯುವಾನ್, ಸೇತುವೆ ಬಂತಪ್ಪಾ, ದಾಟು!"

ಮೆಯ್‌ಚಿನ್ ಬಿದಿರು ಕೋಲು ಹಿಡಿದು ಸುಮ್ಮನೆ ಕೂತಿದ್ದಳು. ಜೊತೆಗೆ ಬಂದೇ ಇಲ್ಲದವನನ್ನು ಏನೆಂದು ಕರೆಯುವುದು?

ಎರಡನೇ ಸೇತುವೆ ಹತ್ತಿರವಾದಾಗ ಅತ್ತೆ ಅವಳ ಕೈ ಹಿಡಿದು, ಲಿಯಾವ್‌ಗೆ ಕೇಳಿಸದ ಹಾಗೆ ಪಿಸುಗುಟ್ಟಿದರು.

"ನೀನೂ ಕರಿಯೇ, ಜೋರಾಗಿ ಕರಿ. ಅವನು ಕಾರು ಹತ್ತದೆ ಹಿಂದೆ ನಡ್ಕೊಂಡು ಬರ್ತಿದ್ರೆ, ಅಲ್ಲೀವರೆಗೂ ಕೇಳಿಸ್ಬೇಕು."