ಎಡಗಾರ್ಡಿನ ಜಡೆ

"ಕುತ್ತಿಗಿ ಅಳ್ಳಾಡಿಸಬ್ಯಾಡ," ಎನ್ನುತ್ತ ಪ್ರಭಾವತಿ ಮಗನ ಜಡೆಯನ್ನು ನೆತ್ತಿಯ ಮೇಲೆ ಸಿಂಬೆ ಸುತ್ತಿ ದಾರದಿಂದ ಬಿಗಿದಳು. ವ್ಯಾನಿನ ಹಿಂಬದಿಯಲ್ಲಿ ಕೂತಿದ್ದ ನೀಲ್, ಇನ್ನೂರ ಎಂಬತ್ತು ಪೌಂಡಿನ ಆಸಾಮಿ, ಹಲ್ಲು ಕಚ್ಚಿಕೊಂಡ. ಎದುರಿನ ಡಿಯರ್‌ಬಾರ್ನ್ ಪಾರ್ಕಿನಲ್ಲಿ ಎದುರಾಳಿ ತಂಡದ ಡೆಟ್ರಾಯಿಟ್‌ನವರು ಆಗಲೇ ಒಬ್ಬರನ್ನೊಬ್ಬರು ಗುದ್ದಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು.

ಇವರದು ಹಳೇ ಕಾಲದ ಅಮೆರಿಕನ್ ಫುಟ್‌ಬಾಲ್ ಆಡುವ ವಾರಾಂತ್ಯದ ಕ್ಲಬ್ಬು. 1893ರ ಕಾಲೇಜು ನಿಯಮ. ಹೆಲ್ಮೆಟ್ ಇಲ್ಲ, ಆಗಿನವರು ತಲೆಗೆ ಮೆತ್ತೆಯಾಗಲೆಂದು ಕೂದಲು ಬಿಡುತ್ತಿದ್ದರು, ಇವರೂ ಬಿಡಬೇಕು. ಒಬ್ಬೊಬ್ಬರೂ ಆ ಕಾಲದ ಒಬ್ಬೊಬ್ಬ ಆಟಗಾರನ ಹೆಸರಲ್ಲಿ ಇಳಿಯುತ್ತಾರೆ. ನೀಲ್ ಪಾಲಿಗೆ ಬಂದವನು ಪೆಕ್ ಎಂಬ ಎಡಗಾರ್ಡ್. ಎದುರಿನವನನ್ನು ತಳ್ಳಿದ್ದೇ ಅವನ ಇಡೀ ಆಟದ ಬಾಳು. ಚೆಂಡು ಒಮ್ಮೆಯೂ ಕೈಗೆ ಬರಲಿಲ್ಲ, ಮೂಗು ಎರಡು ಸಲ ಮುರಿಯಿತು, ಆಮೇಲೆ ಪಾದ್ರಿಯಾದ. ನೀಲ್‌ಗೆ ಅವನೆಂದರೆ ಪ್ರಾಣ.

ಪ್ರಭಾವತಿಗಲ್ಲ. ಆಕೆ ನರರೋಗದ ಡಾಕ್ಟರು, ದಿನವೂ ಏಟು ತಿಂದ ತಲೆಗಳ ಸ್ಕ್ಯಾನ್ ನೋಡುವವಳು. ಕನ್ನಡ ಕೂಟದಲ್ಲಿ ಯಾರೋ ಮಗನ ಕೂದಲ ಬಗ್ಗೆ ಕೇಳಿದಾಗ "ಗೊಡಚಿ ವೀರಭದ್ರಗ ಹರಕಿ ಐತ್ರಿ" ಅಂದುಬಿಟ್ಟಿದ್ದಳು. ಮನೆಗೆ ಬಂದು ಯೋಚಿಸಿದರೆ ಸುಳ್ಳು ಚೆನ್ನಾಗಿಯೇ ಇತ್ತು. ಕೂದಲು ಹೋದರೆ ಆಟವೂ ಹೋದಂತೆ. ಗೊಡಚಿಗೆ ಹೋಗಿ ಮುಡಿ ಕೊಡಿಸಲೆಂದು ಡಿಸೆಂಬರಿಗೆ ಇಬ್ಬರಿಗೂ ಟಿಕೆಟ್ ಮಾಡಿಸಿದಳು.

"ಅಮ್ಮ, ಮಾರ್ಚ್‌ನಲ್ಲಿ ಮತ್ತೆ ಮ್ಯಾಚಿದೆ. ಬೋಳು ತಲೇಲಿ ನನ್ನ ಆಡ್ಸಲ್ಲ." ವ್ಯಾನಿನಲ್ಲಿ ಕೂತ ನೀಲ್ ಮತ್ತೆ ಅದೇ ಮಾತು ತೆಗೆದ.

"ದೇವರಿಗೆ ಮಾತು ಕೊಟ್ಟಾಗೇದ."

"ನಾನು ಕೊಟ್ಟಿಲ್ಲ."

"ನಾ ಕೊಟ್ಟೀನಿ. ತಲಿ ಹಡದಾಕಿ ನಾನ."

ಅಷ್ಟರಲ್ಲಿ ಕ್ಯಾಪ್ಟನ್ ನಿಹಾಲ್, ಶಾಮ್‌ಬರ್ಗ್‌ನಲ್ಲಿ ನೆಲೆಸಿದ ಮೈಸೂರಿನವರ ಮಗ, ಕೈಯಲ್ಲೊಂದು ಚರ್ಮದ ಟೋಪಿ ಆಡಿಸುತ್ತ ಬಂದ.

"ಆಂಟಿ, ಗುಡ್ ನ್ಯೂಸ್. ಆಗಿನ ಕಾಲದಲ್ಲೇ ಕೆಲವರು ಇಂಥದ್ದು ಹಾಕ್ಕೋತಿದ್ರಂತೆ. ಎರಡೂ ಟೀಮ್ ಓಕೆ ಅಂದಿವೆ. ನೀವು ಆರಾಮಾಗಿ ಹರಕೆ ತೀರಿಸ್ಕೊಂಡು ಬನ್ನಿ, ಇವನು ಇದು ಹಾಕ್ಕೊಂಡು ಆಡ್ತಾನೆ."

ನೀಲ್ ಮುಖ ಅರಳಿತು. "ಸೀ? ಪ್ರಾಬ್ಲಮ್ ಸಾಲ್ವ್ಡ್."

ಪ್ರಭಾವತಿ ಟೋಪಿ ಇಸಿದುಕೊಂಡು ಒಳಗೆ ಮುಷ್ಟಿ ತೂರಿಸಿ, ಇನ್ನೊಂದು ಕೈಯಿಂದ ಮೇಲೆ ಕುಟ್ಟಿದಳು. ಗೆಣ್ಣು ಉರಿಯಿತು. ಆಮೇಲೆ ಮಗನ ನೆತ್ತಿಯ ಸಿಂಬೆಯನ್ನು ಒತ್ತಿ ನೋಡಿದಳು. ಬೆರಳು ಮೆತ್ತಗೆ ಹೂತುಕೊಂಡಿತು.

"ಬೋಳು ತಲಿ ಮ್ಯಾಲೆ ಇದನ್ನಿಟಗೊಂಡು ನೀ ಖರೇನ ಆಡಾಂವ?"

"ಆಫ್ ಕೋರ್ಸ್."

ಮೈದಾನದಲ್ಲಿ ಎರಡು ತಲೆಗಳು ಡಿಕ್ಕಿಯಾದ ಸದ್ದು ವ್ಯಾನಿನ ತನಕ ಕೇಳಿಸಿತು. ಡೆಟ್ರಾಯಿಟ್‌ನ ಇಬ್ಬರು ನಗುತ್ತ ಹಣೆ ಉಜ್ಜಿಕೊಂಡರು.

"ಸೈಜ್ ಸರಿ ಇದೆಯಾ ನೋಡೋಣ ಆಂಟಿ," ನಿಹಾಲ್ ಕೈ ಚಾಚಿದ.

ಪ್ರಭಾವತಿ ಟೋಪಿಯನ್ನು ಅವನ ಎದೆಗೇ ಒತ್ತಿದಳು.

"ಬ್ಯಾಡ. ವೀರಭದ್ರಗ ನಾ ಹೇಳ್ಕೋತೀನಿ."