ಹುಡುಕಿದವರು

ಹುಲ್ಲುಕಡ್ಡಿಯೂ ಹುಟ್ಟದ ಬೋಳು ಬೆಟ್ಟಗಳ ಆ ಕಣಿವೆಯಲ್ಲಿ ವಾರಿಜಮ್ಮ ಏದುಸಿರು ಬಿಡುತ್ತ ಗೈಡ್ ನೊರ್ಬುವಿನ ಹಿಂದೆ ಹತ್ತುತ್ತಿದ್ದರು. ಹೋದ ವರ್ಷ ಚಾರಣಕ್ಕೆಂದು ಬಂದ ಮಗ ಇಲ್ಲೇ ಹಿಮಗಾಳಿಗೆ ಸಿಕ್ಕವನು ಮರಳಿರಲಿಲ್ಲ.

ಸುಧಾರಿಸಿಕೊಳ್ಳಲು ಬಂಡೆಯೊಂದರ ಮೇಲೆ ಕೂತು, ತಮಗೆ ಬರುವ ಹರಕು ಹಿಂದಿಯಲ್ಲೇ ಹೇಳಿದರು: "ನಿಮ್ಮೂರಿನವರ ಋಣ ದೊಡ್ಡದಪ್ಪಾ. ನನ್ನ ಮಗನಿಗೋಸ್ಕರ ರಾತ್ರಿಯೆಲ್ಲ ಹುಡುಕಿದ್ರಂತೆ. ಕೈಮುಗಿದು ಹೋಗೋಣ ಅಂತಾನೇ ಬಂದೆ."

"ನಾವಾ? ನಾವು ಯಾರನ್ನೂ ಹುಡುಕಲಿಲ್ವಲ್ಲಮ್ಮಾ. ಯಾರು ಹೇಳಿದ್ರು?"

"ಅವನ ಗೆಳೆಯ. ಇಬ್ಬರೂ ಜೊತೇಲೇ ಬಂದಿದ್ರು. ಈಗ ಅವನೇ ನನಗೆ ಮಗ ಇದ್ದ ಹಾಗೆ. ಮುಂದಿನ ತಿಂಗಳು ಮಗಳನ್ನ ಅವನಿಗೇ ಕೊಡ್ತಿದೀನಿ."

ಮೊಬೈಲಿನಲ್ಲಿ ಇಬ್ಬರೂ ಹೆಗಲ ಮೇಲೆ ಕೈಹಾಕಿ ನಿಂತ ಫೋಟೊ ತೋರಿಸಿದರು. ನೊರ್ಬು ಬಹಳ ಹೊತ್ತು ನೋಡಿದ. ಅವನ ಬೆರಳು ಗೆಳೆಯನ ಮುಖದ ಮೇಲೆ ನಿಂತಿತು.

"ಇವರ ನೆನಪಿದೆ. ಹಿಮ ಬೀಳೋಕೆ ಶುರುವಾದಾಗ ಓಡಿಬಂದು ನಮ್ಮನೆ ಬಾಗಿಲು ಬಡಿದ್ರು. ಒಳಗೆ ಕರೆದು ಚಹಾ ಕೊಟ್ಟೆ."

ವಾರಿಜಮ್ಮ ಬಂಡೆಯಿಂದ ಎದ್ದು ನಿಂತರು. "ಆಮೇಲೆ?"

"ಮೇಲೆ ಇನ್ಯಾರಾದ್ರೂ ಇದಾರಾ, ಹಗ್ಗ ತಗೊಂಡು ಈಗಲೇ ಹೋಗ್ತೀವಿ ಅಂತ ಕೇಳಿದೆ. ‘ಯಾರೂ ಇಲ್ಲ, ನಾನೊಬ್ಬನೇ ಬಂದಿದ್ದು’ ಅಂದ್ರು."