ತೂಕದ ಹಾರ

ಸುರುಳಿ ಮತ್ತೆ ಸಡಿಲವಾಯಿತು. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿಕೊಳ್ಳುವ ಬದಲು ಕುಡುಕನ ಪಂಚೆಯಂತೆ ಒಂದು ಪಕ್ಕಕ್ಕೆ ಜಾರತೊಡಗಿತು. ಇಂಜಿನಿಯರ್ ವೇಣುಗೋಪಾಲ ಯಂತ್ರ ನಿಲ್ಲಿಸಿ, ತಾನೇ ಜೋಡಿಸಿದ್ದ ವೇಗದ ಪೆಟ್ಟಿಗೆಯ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದ. ಊದುಬತ್ತಿ ವ್ಯಾಪಾರಿ ನೂರುಲ್ಲಾ ಸಾಹೇಬರು ತಮ್ಮ ಪೊಟ್ಟಣಗಳಿಗೆ ಬೇಕಾದ ಸುರುಳಿ ನೋಡಲು ಇನ್ನೇನು ಬರುವವರಿದ್ದರು. ಅವರು ಒಪ್ಪಿದರೆ ವರ್ಷವಿಡೀ ಕೆಲಸ. ಒಪ್ಪದಿದ್ದರೆ ಯಂತ್ರ ಮಾರಿ, ದಾಸರಹಳ್ಳಿಯ ಈ ಶೆಡ್ಡಿನಲ್ಲಿ ಮೊದಲಿನಂತೆ ಎಮ್ಮೆ ಕಟ್ಟುವುದಾಗಿ ಯಜಮಾನಿ ಮುನಿವೆಂಕಟಮ್ಮ ಹೇಳಿಯಾಗಿತ್ತು. ಎಮ್ಮೆಗಳಿಗೆ ಇಂಜಿನಿಯರ್ ಬೇಕಾಗುವುದಿಲ್ಲ.

"ಆಯುಧ ಪೂಜೆಗೆ ಆಕಿದ್ದ ಆರ ಒಣಗೋಗ್ಯದೆ ಕಣಪ್ಪ. ಅದಕ್ಕೇ ಇಂಗಾಡ್ತಾ ಅದೆ," ಎಂದರು ಮುನಿವೆಂಕಟಮ್ಮ, ಬಾಗಿಲಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಾ.

"ಅಮ್ಮಾ, ಹಾರಕ್ಕೂ ಇದಕ್ಕೂ ಏನು ಸಂಬಂಧ? ಸುತ್ತಿದ ಹಾಗೆಲ್ಲಾ ಸುರುಳಿ ದಪ್ಪ ಆಗುತ್ತೆ. ದಪ್ಪ ಆದಷ್ಟೂ ಒಂದೊಂದು ಸುತ್ತಿಗೂ ಜಾಸ್ತಿ ಹಾಳೆ ಎಳ್ಕೊಳ್ಳುತ್ತೆ. ಅದಕ್ಕೇ ಬರ್ತಾ ಬರ್ತಾ ನಿಧಾನಕ್ಕೆ ತಿರುಗ್ಬೇಕು. ಎಷ್ಟುದ್ದ ಹಾಳೆ ಹೋಯ್ತು ಅಂತ ನೋಡಿ, ಸುರುಳಿ ಎಷ್ಟು ದಪ್ಪ ಆಗಿದೆ ಅಂತ ನನ್ ಪೆಟ್ಟಿಗೆ ಲೆಕ್ಕ ಹಾಕುತ್ತೆ. ಎಲ್ಲಾ ಲೆಕ್ಕ ಅಮ್ಮಾ."

"ಪೂಜೆಗೆ ಮುಂಚೇನೂ ಲೆಕ್ಕ ಇತ್ತಲ್ಲ. ಆವಾಗ್ಲೂ ಜಾರ್ತಿತ್ತಲ್ಲ."

ಪೂಜೆಯ ಹಿಂದಿನ ಸಂಜೆ ವೇಣುಗೋಪಾಲ ಗುಂಡಿ ತಿರುಗಿಸಿದ್ದ. ಪೂಜೆಯಾದ ಮೇಲೆ ಸುರುಳಿ ಕಲ್ಲಿನಂತೆ ಗಟ್ಟಿಯಾಗಿ ಬಂದಿತ್ತು. ಅದು ತನ್ನ ಲೆಕ್ಕದ ಫಲವೆಂದು ಅವನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬೀಗಿದ್ದ. ಮುನಿವೆಂಕಟಮ್ಮ ವಾದ ಬೆಳೆಸದೆ, ಹೊಸ ಹಾರ ತರಲು ಮನೆಯ ಕಡೆ ನಡೆದರು.

ಒಬ್ಬನೇ ಉಳಿದ ವೇಣುಗೋಪಾಲ ಹಳೆಯ ಹಾರದ ಕಡೆ ನೋಡಿದ. ಹಾಳೆ ಸುರುಳಿಗೆ ಸೇರುವ ಮೊದಲು ತೂಗಾಡುವ ಒಂದು ಕಬ್ಬಿಣದ ಸರಳಿನ ಅಡಿಯಲ್ಲಿ ಹಾದು ಬರುತ್ತಿತ್ತು. ಹಾಳೆಯನ್ನು ಅದುಮಿ ಬಿಗಿಯಾಗಿ ಇಡುವುದೇ ಆ ಸರಳಿನ ಕೆಲಸ. ಮುನಿವೆಂಕಟಮ್ಮ ತೋಳುಗಾತ್ರದ ಚೆಂಡುಹೂವಿನ ಹಾರವನ್ನು ಇಳಿಬಿಟ್ಟಿದ್ದು ಆ ಸರಳಿನ ಮೇಲೆಯೇ. ಈಗ ಅಲ್ಲಿ ಒಂದು ಹಿಡಿ ಹೊಟ್ಟು ನೇತಾಡುತ್ತಿತ್ತು. ಸರಳನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ. ಅದು ಸಲೀಸಾಗಿ ಮೇಲೆದ್ದಿತು. ದಪ್ಪದ ಲೆಕ್ಕ, ವೇಗದ ಲೆಕ್ಕ ಎರಡೂ ಸರಿಯಾಗಿಯೇ ಇದ್ದವು. ಸರಳಿಗೆ ಭಾರ ಸಾಲದೆಂಬುದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ಇಷ್ಟು ದಿನ ಅವನಿಗೆ ಸಿಕ್ಕ ಶಹಭಾಸ್‌ಗಿರಿಯೆಲ್ಲ ಚೆಂಡುಹೂವಿಗೆ ಸೇರಬೇಕಾದದ್ದು. ಹೂವಿನ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ? ವೇಣುಗೋಪಾಲ ಪಟ್ಟ.

ರದ್ದಿ ತೂಗುವ ತಕ್ಕಡಿಯ ಪಕ್ಕದಲ್ಲಿದ್ದ ಅರ್ಧ ಕಿಲೋ ತೂಕದ ಕಲ್ಲನ್ನು ತಂದು, ಯಾರಿಗೂ ಕಾಣದಂತೆ ಸರಳಿನ ಕೆಳಗೆ ದಾರದಿಂದ ಕಟ್ಟಿದ. ಯಂತ್ರ ಹಾಕಿದ. ಸುರುಳಿ ಗಟ್ಟಿಯಾಗಿ ಬಂತು. ಮಾನ ಉಳಿಯಿತು ಎಂದು ಅವನು ಉಸಿರು ಬಿಡುವಷ್ಟರಲ್ಲಿ ಹೊರಗೆ ನೂರುಲ್ಲಾ ಸಾಹೇಬರ ಸ್ಕೂಟರ್ ನಿಂತಿತು. ಅವರ ಹಿಂದೆಯೇ ಮುನಿವೆಂಕಟಮ್ಮ, ಕೈಯಲ್ಲಿ ನೀರು ತೊಟ್ಟಿಕ್ಕುವ ಹೊಸ ಹಾರ.

"ಅಮ್ಮಾ, ಈಗ ಹಾರ ಬೇಡ."

"ಯಾಕಪ್ಪ?"

ಯಾಕೆಂದು ಹೇಳಹೊರಟರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ಮುನಿವೆಂಕಟಮ್ಮ ಹಾರ ಇಳಿಬಿಟ್ಟು, ಕಣ್ಣು ಮುಚ್ಚಿ ಕೈಮುಗಿದರು. ಹಾಳೆ ಬಿಗಿದು, ಹಿಗ್ಗಿ, ಪಟ್ಟೆಂದು ಹರಿಯಿತು.

"ಹರಿಯೋ ಮಾಲು ತಗೊಂಡು ನಾನೇನ್ ಮಾಡ್ಲಿ ಸಾರ್," ಎಂದು ನೂರುಲ್ಲಾ ಸ್ಕೂಟರಿನ ಕೀಲಿ ಕೈಗೆ ತೆಗೆದುಕೊಂಡರು.

ಕಲ್ಲು, ಹಾರ ಎರಡರ ಭಾರವೂ ಸೇರಿ ಅತಿಯಾಗಿತ್ತು, ಒಂದನ್ನು ತೆಗೆಯಲೇಬೇಕಿತ್ತು. ಮುಗಿದ ಕೈ ಇನ್ನೂ ಇಳಿಸದ ಯಜಮಾನಿಯ ಎದುರಿಗೆ ಹಾರಕ್ಕೆ ಕೈ ಹಾಕುವ ಧೈರ್ಯ ಅವನಿಗಿರಲಿಲ್ಲ. ಏನೋ ರಿಪೇರಿ ಮಾಡುವವನಂತೆ ಯಂತ್ರದಡಿ ಬಗ್ಗಿ, ಕಲ್ಲು ಬಿಚ್ಚಿ ಪ್ಯಾಂಟಿನ ಜೇಬಿಗೆ ಇಳಿಸಿದ. "ಒಂದ್ನಿಮಿಷ ಸಾಹೇಬ್ರೇ," ಎಂದು ಹಾಳೆಗೆ ಗಮ್ ಟೇಪು ಅಂಟಿಸಿ ಮತ್ತೆ ಯಂತ್ರ ಹಾಕಿದ. ಈ ಸಲ ಸುರುಳಿ ಎಷ್ಟು ಚೆನ್ನಾಗಿ ಬಂತೆಂದರೆ, ಅಂಚು ಚಾಕುವಿನಿಂದ ಕೊಯ್ದಷ್ಟು ನೇರವಾಗಿತ್ತು. ನೂರುಲ್ಲಾ ತೆಂಗಿನಕಾಯಿ ಆರಿಸುವವರಂತೆ ಅದನ್ನು ಬೆರಳಿನಿಂದ ತಟ್ಟಿ ನೋಡಿದರು.

"ಮಾಷಾ ಅಲ್ಲಾ. ಹೆಂಗೆ ಸಾರ್ ಇದು?"

"ಲೆಕ್ಕ..." ಎಂದು ಶುರುಮಾಡಿದ ವೇಣುಗೋಪಾಲ, ಜಾರುತ್ತಿದ್ದ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು.

"ಆರ," ಎಂದರು ಮುನಿವೆಂಕಟಮ್ಮ.

"ಹಂಗಾದ್ರೆ ನನ್ ಮಾಲು ಮುಗಿಯೋವರ್ಗೂ ಹಾರ ತಪ್ಪಿಸ್ಬೇಡಿ ಅಮ್ಮಾ," ಎಂದು ನೂರುಲ್ಲಾ ಆರ್ಡರು ಕೊಟ್ಟು ಹೋದರು. ಮುನಿವೆಂಕಟಮ್ಮ ವೇಣುಗೋಪಾಲನ ಕಡೆ ತಿರುಗಿ, "ನಿನ್ ಬಸ್ಸು ಯಶವಂತಪುರದ ಮೇಲೇ ತಾನೇ ಬರೋದು? ದಿನಾ ಬತ್ತಾ ಒಂದಾರ ತಂದ್ಬುಡಪ್ಪ," ಎಂದರು.

ಮರುದಿನ ಬೆಳಿಗ್ಗೆ ಯಶವಂತಪುರದ ಮಾರ್ಕೆಟ್ಟಿನಲ್ಲಿ ಹೂವಿನವಳು ಮೊಣಕೈಗೆ ಹಾರ ಹಿಡಿದು ಅಳೆಯತೊಡಗಿದಳು. "ಮೊಳದ ಲೆಕ್ಕ ಬೇಡಮ್ಮ," ಎಂದು ವೇಣುಗೋಪಾಲ ಜೇಬಿನಿಂದ ಅರ್ಧ ಕಿಲೋ ಕಲ್ಲು ತೆಗೆದು, ಬಿಡಿ ಹೂ ತೂಗುವ ಅವಳ ತಕ್ಕಡಿಯಲ್ಲಿಟ್ಟ. ಅವಳು ಇನ್ನೊಂದು ತಟ್ಟೆಗೆ ಹಾರ ಹಾಕಿದಳು. ಅವನು ಬಗ್ಗಿ, ಒಂದು ಕಣ್ಣು ಮುಚ್ಚಿ ಮುಳ್ಳು ನೋಡಿ, "ತುದಿಯಿಂದ ಎರಡು ಹೂ ಕಿತ್ತುಬಿಡಿ," ಎಂದ.

ಹೂವಿನವಳು ಕಲ್ಲನ್ನು ನೋಡಿದಳು, ಅವನ ಮುಖ ನೋಡಿದಳು.

"ಎಲ್ಲಾ ದೇವ್ರೂ ಕೊಟ್ಟಷ್ಟು ಹಾಕ್ಕೋತವೆ ಸ್ವಾಮಿ," ಎಂದಳು. "ಇದ್ಯಾವ ದೇವ್ರು, ತೂಕ ನೋಡಿ ತಗೊಳ್ಳೋದು?"